ಬಾಯಿಮಾತು ಎಷ್ಟಾದರೂ ಸರಿ, ಪುರಾವೆ ಬೇಡ: ಗುಟ್ಟಿನ ಪಾತ್ರದ ಆಟಗಳಲ್ಲಿ ಸುಳ್ಳಿನ ಕಟ್ಟುಪಾಡು

ಹಾಸ್ಟೆಲ್ ರೂಮಿನಲ್ಲೋ ಆಫೀಸಿನ ಟೀಮ್ ಔಟಿಂಗಿನಲ್ಲೋ ಮಾಫಿಯಾ ಆಡಿದವರಿಗೆ ಈ ಗಳಿಗೆ ಗೊತ್ತಿರುತ್ತದೆ. ಗುಟ್ಟಾಗಿ ಮಾಫಿಯಾ ಆದವರು ರಾತ್ರಿ ಒಬ್ಬನನ್ನು 'ಕೊಲ್ಲುವ', ಹಗಲಿನಲ್ಲಿ ಎಲ್ಲರೂ ವೋಟು ಹಾಕಿ ಅನುಮಾನ ಬಂದವನನ್ನು ಹೊರಹಾಕುವ ಆಟ ಅದು. ರಾತ್ರಿ ಒಬ್ಬ ಸತ್ತಿದ್ದಾನೆ, ಹಗಲಿನ ಚರ್ಚೆ ಕಾವೇರಿದೆ, ವೋಟು ಒಬ್ಬನ ಕಡೆ ವಾಲುತ್ತಿದೆ. ಅವನು ನೆಟ್ಟಗೆ ಕೂತು, "ಲೇ, ಅಮ್ಮನಾಣೆಗೂ ನಾನೇ ಕಣ್ರೋ ಪೊಲೀಸು" ಅನ್ನುತ್ತಾನೆ. ಅಲ್ಲಿಗೆ ಎಲ್ಲರೂ ಗಪ್‌ಚಿಪ್. ನಂಬದಿದ್ದರೆ ಗೆಳೆಯನ ಆಣೆಯನ್ನೇ ಸುಳ್ಳೆಂದ ಹಾಗಾಯಿತು. ನಂಬಿದರೆ ಆಡುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಕೊನೆಗೆ ಅವನೇ ಮಾಫಿಯಾ ಎಂದು ಗೊತ್ತಾದರಂತೂ ಮುನಿಸು ಊಟದ ಹೊತ್ತಿಗೂ ಇಳಿಯುವುದಿಲ್ಲ.

ಪಾತ್ರ ಬಚ್ಚಿಟ್ಟು ಆಡುವ ಆಟದಲ್ಲಿ ಸುಳ್ಳು ಹೇಳಲೇಬೇಕು. ಹಾಗಿದ್ದ ಮೇಲೆ ಆ ಆಣೆ ಮಾತ್ರ ಯಾಕೆ ಚುಚ್ಚುತ್ತದೆ? ಸುಮಾರು ನಾಲ್ಕು ದಶಕಗಳಲ್ಲಿ ಆಡುವವರೂ ಆಟ ಕಟ್ಟುವವರೂ ಈ ಪ್ರಶ್ನೆಗೆ ಬೇರೆ ಬೇರೆ ದಾರಿಯಲ್ಲಿ ಉತ್ತರ ಹುಡುಕಿದ್ದಾರೆ. ಬಹುತೇಕ ಎಲ್ಲ ದಾರಿಗಳೂ ಒಂದೇ ಕಡೆ ಬಂದು ಸೇರುತ್ತವೆ: ಬಾಯಲ್ಲಿ ಏನನ್ನಾದರೂ ಹೇಳು, ಸಾಬೀತು ಮಾಡುವುದಕ್ಕೆ ಮಾತ್ರ ಹೋಗಬೇಡ.

ನಮ್ಮ ಮಕ್ಕಳು ಚೀಟಿ ಹಾಕಿ ಆಡುವ ರಾಜ ರಾಣಿ ಕಳ್ಳ ಪೊಲೀಸ್‌ನಲ್ಲಿ ಈ ತಕರಾರಿಗೆ ಜಾಗವೇ ಇಲ್ಲ. ನಾಲ್ಕು ಚೀಟಿ ಮಡಚಿ ಎಸೆಯುತ್ತಾರೆ, ಆಳಿಗೊಂದು ಎತ್ತಿಕೊಳ್ಳುತ್ತಾರೆ. ಪೊಲೀಸ್ ಬಂದವನು ಹೇಳಿಕೊಳ್ಳಲೇಬೇಕು, ಕಳ್ಳನನ್ನು ಹಿಡಿಯಲೇಬೇಕು. ತಪ್ಪಿದರೆ ಅವನ ಪಾಯಿಂಟು ಕಳ್ಳನ ಪಾಲು. ಕಳ್ಳನಿಗಿರುವ ಕೆಲಸವೆಂದರೆ ನಗು ಬಾರದ ಹಾಗೆ ಮುಖ ಬಿಗಿಹಿಡಿದು ಕೂರುವುದು. ಯಾರು ಯಾವಾಗ ಬಾಯಿ ಬಿಡಬೇಕೆಂದು ಆಟವೇ ಗೆರೆ ಎಳೆದುಬಿಟ್ಟಿದೆ.

ಮಾಫಿಯಾ ಆ ಗೆರೆಯನ್ನು ಅಳಿಸಿತು. 1986ರ ಸುಮಾರಿಗೆ ಮಾಸ್ಕೋ ಸ್ಟೇಟ್ ಯೂನಿವರ್ಸಿಟಿಯ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ಡಿಮಿತ್ರಿ ಡೇವಿಡಾಫ್ ಕಟ್ಟಿದ ಆಟ ಅದು. ತಿರುಳು ಇಷ್ಟೇ: ಒಬ್ಬರಿಗೊಬ್ಬರು ಗೊತ್ತಿರುವ ಕೆಲವರು ಒಂದು ಕಡೆ, ಯಾರು ಯಾರೆಂದೇ ಗೊತ್ತಿಲ್ಲದ ಬಹುಮಂದಿ ಇನ್ನೊಂದು ಕಡೆ. ಈ ಬರೀ ರೂಪದಲ್ಲಿ ಪಾತ್ರ ಹೇಳಿಕೊಳ್ಳುವುದಕ್ಕೆ ಅರ್ಥವಿರಲಿಲ್ಲ. "ನಾನು ಒಳ್ಳೆಯವನು" ಎಂದು ಮಾಫಿಯಾದವನೂ ಹೇಳುತ್ತಾನಲ್ಲ! ಆ ಮಾತಿಗೆ ಬೆಲೆ ಬಂದದ್ದು ರಾತ್ರಿ ಒಬ್ಬರನ್ನು ತಪಾಸಣೆ ಮಾಡುವ ಪೊಲೀಸ್ ಪಾತ್ರ ಸೇರಿಕೊಂಡ ಮೇಲೆ. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್‌ಕಿನ್ ಮಾಫಿಯಾದವರನ್ನು ಮನುಷ್ಯತೋಳಗಳಾಗಿ ಮಾಡಿದಾಗ ಪೊಲೀಸಿನ ಜಾಗದಲ್ಲಿ ಕಣಿ ಹೇಳುವವರು ಬಂದು ಕೂತರು. ಕೆಲಸ ಅದೇ.

ಈ ಒಂದು ಪಾತ್ರ ಆಟವನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ ಗಣಿತದ ಲೆಕ್ಕವೇ ಇದೆ. ಬ್ರೇವರ್‌ಮನ್, ಎತೆಸಾಮಿ ಮತ್ತು ಮೊಸೆಲ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪೊಲೀಸ್ ಇಲ್ಲದಿದ್ದರೆ ಒಟ್ಟು ಮಂದಿಯ ವರ್ಗಮೂಲದ ಅಳತೆಯಷ್ಟು ಮಾಫಿಯಾ ಇದ್ದರೂ ಹೋರಾಟ ಸಮಬಲದ್ದಾಗುತ್ತದೆ. ಅಂದರೆ ಗುಂಪು ನೂರು ಪಟ್ಟು ದೊಡ್ಡದಾದರೂ ಮಾಫಿಯಾ ಹತ್ತು ಪಟ್ಟು ಬೆಳೆದರೆ ಸಾಕು. ಒಬ್ಬನೇ ಒಬ್ಬ ಪೊಲೀಸ್ ಬಂದರೆ ಈ ಲೆಕ್ಕ ಬುಡಮೇಲು. ಆಗ ಗುಂಪು ಎಷ್ಟು ಪಟ್ಟು ಬೆಳೆಯುತ್ತದೋ ಮಾಫಿಯಾವೂ ಅಷ್ಟೇ ಪಟ್ಟು ಬೆಳೆಯಬೇಕು. ಪೊಲೀಸಿಗೆ ತಿಳಿದದ್ದು ಊರಿಗೆ, ಅಂದರೆ ಒಳ್ಳೆಯವರ ಪಾಳಯಕ್ಕೆ, ಮುಟ್ಟಬೇಕಾದರೆ ಅವನು ಒಂದಲ್ಲ ಒಂದು ಹೊತ್ತಿನಲ್ಲಿ "ನಾನೇ" ಅನ್ನಲೇಬೇಕು. ಬೇಗ ಅಂದರೆ ಆ ರಾತ್ರಿಯೇ ಹೆಣ. ತಡಮಾಡಿದರೆ ತಿಳಿದದ್ದೂ ಅವನ ಜೊತೆಗೇ ಮಣ್ಣಾಗುತ್ತದೆ. ಅವನು ಬಾಯಿ ಬಿಟ್ಟ ಮರುಕ್ಷಣ ಇನ್ನೊಬ್ಬ ಎದ್ದು "ಇಲ್ಲ, ನಾನು ಪೊಲೀಸ್" ಎಂದರೆ ಇಬ್ಬರಲ್ಲಿ ಒಬ್ಬ ಸುಳ್ಳುಗಾರ ಎಂಬುದು ಖಾತ್ರಿ. ನನ್ನನ್ನು ಕೇಳಿದರೆ ಇಡೀ ಆಟದ ಅತಿ ಸೊಗಸಾದ ಗಳಿಗೆ ಇದೇ. ಆಣೆ ಹಾಕುವವನು ಹಾಳು ಮಾಡುವುದೂ ಇದನ್ನೇ.

ರಷ್ಯಾದಲ್ಲಿ ಬೆಳೆದ ಸ್ಪರ್ಧೆಯ ಮಾಫಿಯಾದಲ್ಲಿ ಇದಕ್ಕೆ ಕಟ್ಟುನಿಟ್ಟಾದ ಮದ್ದು ಅರೆದರು. ಹತ್ತು ಮಂದಿ, ಅದರಲ್ಲಿ ಕಪ್ಪು ಪಾಳಯದವರು (ಮಾಫಿಯಾ) ಮೂವರು, ಮಾತಿಗೆ ಒಂದು ನಿಮಿಷ, ತಪ್ಪಿಗೆ ಫೌಲ್, ನಾಲ್ಕನೇ ಫೌಲಿಗೆ ಟೇಬಲಿನಿಂದ ಹೊರಗೆ. ನಾನೇ ಶೆರಿಫ್ (ಅಲ್ಲಿ ಪೊಲೀಸಿಗೆ ಇದೇ ಹೆಸರು) ಎಂದು ಯಾರು ಬೇಕಾದರೂ ಸಾರಿಕೊಳ್ಳಬಹುದು. ಆಣೆ, ಪ್ರಮಾಣ ಮಾತ್ರ ನಿಷಿದ್ಧ. ದೇವರನ್ನೂ ತಾಯಿಯನ್ನೂ ನಡುವೆ ತಂದವನು ಆಟದ ಒಳಗೆ ಸಿಗದ ಪುರಾವೆಯನ್ನು ಹೊರಗಿನಿಂದ ಸಾಗಿಸುತ್ತಿದ್ದಾನೆ ಎಂದೇ ಅರ್ಥ. ಮಾತುಮಾತಿಗೂ ಆಣೆ ಇಡುವ ನಮ್ಮವರಿಗೆ ಈ ನಿಯಮ ತುಸು ಕಷ್ಟವೇ. ಗಂಡ ಹೆಂಡತಿಗೆ "ಮನೆಗೆ ಬಾ, ಮಾತಾಡ್ತೀನಿ" ಎಂದು ಹೆದರಿಸುವುದೂ ಇದೇ ಜಾತಿಯ ಸಾಗಾಟ, ಅದನ್ನು ಮಾತ್ರ ಯಾವ ರೂಲ್‌ಬುಕ್ಕೂ ಹಿಡಿಯಲಾರದು.

ಆಟ ಇಂಟರ್ನೆಟ್ಟಿನ ಚರ್ಚಾಕಟ್ಟೆಗಳಿಗೆ ಹೋದಾಗ ಪುರಾವೆಯ ಕಾಟ ಹೊಸ ವೇಷದಲ್ಲಿ ಬಂತು. ಅಲ್ಲಿ ಪಾತ್ರ ಖಾಸಗಿ ಸಂದೇಶದಲ್ಲಿ ಬರುತ್ತದೆ. ಸಂದೇಶವನ್ನು ಹಾಗೇ ಎತ್ತಿ ಎಲ್ಲರೆದುರು ಅಂಟಿಸಿದರೆ ಕತೆ ಮುಗಿಯಿತು, ಯಾಕೆಂದರೆ ನಡೆಸುವವರ ಒಕ್ಕಣೆಯನ್ನು ಮಾಫಿಯಾದವನು ಅಕ್ಷರಕ್ಷರ ನಕಲು ಮಾಡಲಾರ. ಹಾಗಾಗಿ ಸ್ವಂತ ಮಾತಿನಲ್ಲಿ ಹೇಳು, ಸಂದೇಶ ಉದ್ಧರಿಸಬೇಡ ಎಂಬುದು ಅಲ್ಲಿ ಸಾಮಾನ್ಯ ನಿಯಮವಾಯಿತು. ಸಾಫ್ಟ್‌ವೇರ್ ತಲೆಗಳು ಸುಮ್ಮನಿರುತ್ತವೆಯೇ? ಪಾತ್ರವನ್ನು ಗೂಢಲಿಪಿಗೆ ಇಳಿಸಿ ಮೊದಲ ದಿನವೇ ಹಾಕಿಟ್ಟು, ಬೇಕಾದಾಗ ಬಿಡಿಸಿ ತೋರಿಸುವ ಉಪಾಯ ತೆಗೆದರು. ಅದಕ್ಕೂ ಬಾಗಿಲು ಹಾಕಬೇಕಾಯಿತು.

ಈ ಕಟ್ಟೆಗಳಲ್ಲೇ ಇನ್ನೊಂದು ಜಗಳವೂ ಬಲಿಯಿತು: ಒಳ್ಳೆಯ ಪಾಳಯದವನು ಸುಳ್ಳು ಹೇಳಬಹುದೇ? ಸುಳ್ಳುಗಾರರನ್ನೆಲ್ಲ ಗಲ್ಲಿಗೇರಿಸು ಎಂಬ ಹಳೆಯ ಪಂಥವೊಂದಿದೆ. ಊರಿನ ಹತ್ತಿರ ಇರುವ ಆಸ್ತಿ ನಿಜವೊಂದೇ, ಅದನ್ನು ಕಲಬೆರಕೆ ಮಾಡಿದವನು ಮಾಫಿಯಾಕ್ಕೆ ನೆರವಾದಂತೆ ಎಂದು ಅವರ ವಾದ. ಎದುರು ಪಂಥದವರು, ಸಾದಾ ಪ್ರಜೆಯೊಬ್ಬ ಪೊಲೀಸ್ ವೇಷ ಹಾಕಿ ರಾತ್ರಿಯ ಗುಂಡನ್ನು ತನ್ನ ಮೈಮೇಲೆ ಎಳೆದುಕೊಂಡರೆ ಅಸಲಿ ಪೊಲೀಸ್ ಇನ್ನೊಂದು ರಾತ್ರಿ ಬದುಕುತ್ತಾನಲ್ಲ ಎನ್ನುತ್ತಾರೆ. ಎರಡೂ ಸರಿ. ಮೊದಲನೆಯದು ನಿಯಮವಾಗದೆ ಬರೀ ವಾಡಿಕೆಯಾಗಿ ಉಳಿದದ್ದು ಒಳ್ಳೆಯದೇ ಆಯಿತು. ನಿಯಮವಾಗಿದ್ದರೆ ಸುಳ್ಳಾಡುವ ಹಕ್ಕು ಕೆಟ್ಟವರಿಗೆ ಮಾತ್ರ ಉಳಿದು, ಸಿಕ್ಕಿಬಿದ್ದ ಮೊದಲ ಸುಳ್ಳೇ ಪುರಾವೆಯಾಗಿಬಿಡುತ್ತಿತ್ತು.

ಡಬ್ಬಿಯಲ್ಲಿ ಬರುವ ಆಟಗಳ ಕಾಲ ಬಂದಾಗ ವಿನ್ಯಾಸಕಾರರು ಈ ಹೊಣೆಯನ್ನು ಆಡುವವರ ಮರ್ಯಾದೆಯ ಮೇಲೆ ಬಿಡದೆ ತಾವೇ ಹೊತ್ತರು. ಡಾನ್ ಎಸ್ಕ್ರಿಡ್ಜ್ ಅವರ 'ದಿ ರೆಸಿಸ್ಟೆನ್ಸ್' (2009) ವಿಶೇಷ ಪಾತ್ರಗಳನ್ನೇ ತೆಗೆದುಹಾಕಿತು, ಯಾರನ್ನೂ ಸಾಯಿಸಲೂ ಇಲ್ಲ. 2012ರ 'ಅವಲಾನ್' ಮಾಡಿದ್ದು ಇನ್ನೂ ಜಾಣತನದ ಕೆಲಸ. ಅದರಲ್ಲಿ ಒಳ್ಳೆಯ ಪಾಳಯದ ಮರ್ಲಿನ್ ಎಂಬ ಪಾತ್ರಕ್ಕೆ ಕೆಟ್ಟವರಲ್ಲಿ ಹೆಚ್ಚಿನವರು ಯಾರೆಂದು ಮೊದಲೇ ಗೊತ್ತು. ಹೇಳಬೇಡ ಎಂದು ಯಾರೂ ತಡೆಯುವುದಿಲ್ಲ. ಆದರೆ ಒಳ್ಳೆಯವರು ಮೂರು ಸಾಹಸ ಗೆದ್ದ ಮೇಲೂ ಎದುರಾಳಿಗಳ ಕೊಲೆಗಾರನಿಗೆ ಒಂದು ಅವಕಾಶವಿದೆ: ಮರ್ಲಿನ್ ಯಾರೆಂದು ಬೆರಳು ತೋರಿಸಿ ಸರಿಯಾದರೆ ಗೆದ್ದ ಆಟ ಕೈಬಿಡುತ್ತದೆ. ಮರ್ಲಿನ್ ಹಾಗಾಗಿ ಅರ್ಧ ಮಾತು ಆಡಿ, ಕೆಲವೊಮ್ಮೆ ಬೇಕೆಂದೇ ತಪ್ಪು ವೋಟು ಹಾಕಿ ದಿನ ದೂಡಬೇಕು. 

ಅದೇ 2012ರ 'ಕೂ' ಸುಳ್ಳಿಗೆ ದರ ಕಟ್ಟಿತು. ಕೈಯಲ್ಲಿ ಇಲ್ಲದ ಪಾತ್ರವನ್ನೂ ಇದೆ ಎಂದು ಹೇಳಿ ಅದರ ಅಧಿಕಾರ ಚಲಾಯಿಸಬಹುದು. ಯಾರಾದರೂ ಸವಾಲು ಹಾಕಿದರೆ ಎಲೆ ತೋರಿಸಬೇಕು, ತೋರಿಸಲಾಗದಿದ್ದರೆ ಒಂದು ಎಲೆ ಹೋಯಿತು. ತೋರಿಸಿದರೆ ಸವಾಲು ಹಾಕಿದವನ ಎಲೆ ಹೋಯಿತು. ಇಲ್ಲಿ ಪುರಾವೆಗೆ ನಿಷೇಧವಿಲ್ಲ, ಅದನ್ನು ಕೇಳಿ ತಪ್ಪಿದವನು ಎಲೆ ತೆರಬೇಕು ಅಷ್ಟೆ.

2016ರಲ್ಲಿ ಬಂದ 'ಸೀಕ್ರೆಟ್ ಹಿಟ್ಲರ್' ನಿಜ ಹೇಳಲೇಬೇಕಾದ ಒಂದೆರಡು ಜಾಗ ಬಿಟ್ಟು ಉಳಿದ ಕಡೆಯೆಲ್ಲ ಸುಳ್ಳಿಗೆ ಬಯಲು ಬಿಟ್ಟಿದೆ. ಅಧ್ಯಕ್ಷ ಮೂರು ಕಾಯಿದೆಯ ಎಲೆ ಎತ್ತಿ ಒಂದನ್ನು ಬಿಸಾಡಿ ಎರಡನ್ನು ಚಾನ್ಸಲರ್‌ಗೆ ಕೊಡುತ್ತಾನೆ, ಅವನು ಇನ್ನೊಂದನ್ನು ಬಿಸಾಡಿ ಉಳಿದದ್ದನ್ನು ಜಾರಿ ಮಾಡುತ್ತಾನೆ. ಬಿಸಾಡಿದ್ದನ್ನು ಯಾರೂ ತೋರಿಸುವಂತಿಲ್ಲ, ಅದರ ಬಗ್ಗೆ ಏನು ಬೇಕಾದರೂ ಹೇಳಬಹುದು. ಒಟ್ಟು 17 ಎಲೆಗಳಲ್ಲಿ 11 ಫ್ಯಾಸಿಸ್ಟರ ಕೆಂಪು ಎಲೆ, 6 ಉದಾರವಾದಿಗಳವು. ಹಾಗಾಗಿ "ಮೂರೂ ಕೆಂಪೇ ಬಂದ್ವು, ನಾನೇನ್ ಮಾಡ್ಲಿ" ಎಂಬ ಅಳಲು ನಿಜವೂ ಆಗಬಹುದು, ನಾಟಕವೂ ಆಗಬಹುದು. ಮೂರು ಫ್ಯಾಸಿಸ್ಟ್ ಕಾಯಿದೆ ಬಂದ ಮೇಲೆ ಚಾನ್ಸಲರ್ ಆದವನು ಹಿಟ್ಲರ್ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಮಾತ್ರ ನಿಜ ನುಡಿಯಲೇಬೇಕು. ಅಲ್ಲಿ ಸುಳ್ಳಾಡಿದರೆ ಅದು ಬ್ಲಫ್ ಅಲ್ಲ, ಮೋಸ.

ಇತ್ತೀಚಿನ ತಿರುವು ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಆಸ್ಟ್ರೇಲಿಯಾದ ಸ್ಟೀವನ್ ಮೆಡ್ವೇ ಕಟ್ಟಿದ 'ಬ್ಲಡ್ ಆನ್ ದಿ ಕ್ಲಾಕ್‌ಟವರ್'ನಲ್ಲಿ ಕುಡುಕ ಎಂಬ ಪಾತ್ರವಿದೆ. ಆ ಪಾತ್ರ ಬಂದವನಿಗೆ ತಾನು ಕುಡುಕ ಎಂದೇ ಗೊತ್ತಿರುವುದಿಲ್ಲ, ತಾನೊಬ್ಬ ಶಕ್ತಿವಂತ ಎಂದುಕೊಂಡೇ ಆಡುತ್ತಾನೆ. ವಿಷ ತಗಲಿದವನಿಗೆ ರಾತ್ರಿ ಸಿಗುವ ಮಾಹಿತಿಯೂ ಹುಸಿಯಾಗಿರಬಹುದು. ಅಂದರೆ ಆಣೆ ಹಾಕಿ ಪ್ರಾಮಾಣಿಕವಾಗಿ ಹೇಳಿದರೂ ಮಾತು ಸುಳ್ಳಾಗಿರಬಹುದು. ಇಲ್ಲಿ ಒಳ್ಳೆಯವರೂ ತಮ್ಮ ಪಾತ್ರವನ್ನು ಮುಚ್ಚಿಟ್ಟು, ಇಬ್ಬಿಬ್ಬರೇ ಮೂಲೆಗೆ ಹೋಗಿ "ನಾನು ಈ ಮೂರರಲ್ಲಿ ಒಂದು, ನೀನು ನಿನ್ನ ಮೂರು ಹೇಳು" ಎಂದು ವ್ಯಾಪಾರಕ್ಕಿಳಿಯುತ್ತಾರೆ.

ಇನ್ನೂ ತೀರ್ಮಾನವಾಗದೆ ಉಳಿದಿರುವುದು ಸತ್ತವನ ಚೀಟಿಯ ವಿಷಯ. ಹೊರಬಿದ್ದವನ ಪಾತ್ರವನ್ನು ಬಿಚ್ಚಿ ತೋರಿಸಿದರೆ ಆಟವೇ ಪುಕ್ಕಟೆಯಾಗಿ ಪುರಾವೆ ಹಂಚಿದ ಹಾಗೆ. ಅವನು ಅಸಲಿ ಪೊಲೀಸ್ ಎಂದಾದರೆ ಅವನನ್ನು ಅಲ್ಲಗಳೆದವನು ಮರುದಿನವೇ ಗಲ್ಲಿಗೆ. 2025ರಲ್ಲಿ ಕರಣ್ ಜೋಹರ್ ನಡೆಸಿಕೊಟ್ಟ 'ದಿ ಟ್ರೇಟರ್ಸ್' ರಿಯಾಲಿಟಿ ಶೋ ಸರಣಿಯ ಮಾದರಿಯಲ್ಲಿ, ವೋಟಿನಿಂದ ಹೊರಬೀಳುವವರು ತಾವು ದ್ರೋಹಿಯೋ ಅಲ್ಲವೋ ಎಂದು ಹೇಳಿಯೇ ಹೋಗುವುದು ವಾಡಿಕೆ. ಅದೇ ವರ್ಷ ಬ್ರಿಟನ್ನಿನ ಆವೃತ್ತಿ ಮಾತ್ರ ಕೊನೆಯ ಸುತ್ತಿನಲ್ಲಿ ಹೊರಬಿದ್ದವರ ಬಾಯಿ ಕಟ್ಟಿತು, ಉಳಿದವರು ಕೊನೆಯವರೆಗೂ ತಡಕಾಡಿದರು. ಪಳಗಿದ ಗುಂಪಾದರೆ ಚೀಟಿ ಮುಚ್ಚಿಯೇ ಆಡುವುದು ಹೆಚ್ಚು ರುಚಿ. ಹೊಸಬರು ಮೂರ್ನಾಲ್ಕು ಮಂದಿಯಿದ್ದರೆ ಬಿಚ್ಚಿ ಆಡುವುದೇ ವಾಸಿ, ಇಲ್ಲದಿದ್ದರೆ ಎರಡನೇ ರಾತ್ರಿಯ ಹೊತ್ತಿಗೆ ಅರ್ಧ ಜನ ಮೊಬೈಲ್ ತೆಗೆದಿರುತ್ತಾರೆ.