ವಯಸ್ಸಾದ ಮೇಲೆ ಕಷ್ಟದ ಪುಸ್ತಕ ಯಾಕೆ ಕೈಗೆ ಹತ್ತುವುದಿಲ್ಲ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ನವ್ಯದ ಕಾದಂಬರಿ, ಕವಿತೆ ಅಂದರೆ ನನಗೆ ಪ್ರಾಣ. ಎಷ್ಟು ಕಷ್ಟವಿದ್ದರೆ ಅಷ್ಟು ಖುಷಿ. ಈಗ 54 ವರ್ಷ. ಅಂಥದೇ ಪುಸ್ತಕ ತೆಗೆದರೆ ಹತ್ತು ಪುಟಕ್ಕೆ ಮುಚ್ಚಿಡುತ್ತೇನೆ. ತಲೆ ಮಂದವಾಯಿತಾ, ರುಚಿ ಕೆಟ್ಟಿತಾ? (ಕುಮಟಾದ ಓದುಗರೊಬ್ಬರು)

ಎರಡೂ ಆಗಿಲ್ಲ ಅಂತಲೇ ನನ್ನ ಉತ್ತರ. ಆದರೆ ಏನೋ ಬದಲಾಗಿದೆ ಅನ್ನುವುದು ನಿಜ.

ಶಿರಸಿಯಲ್ಲಿ ನಾವು ಹತ್ತು ಹನ್ನೆರಡು ಜನ ತಿಂಗಳಿಗೆ ಎರಡು ಭಾನುವಾರ ಒಬ್ಬರ ಮನೆಯ ಜಗಲಿಯಲ್ಲಿ ಕೂತು ಓದುತ್ತೇವೆ. 23ರ ಹುಡುಗಿಯಿಂದ 71ರ ಹಿರಿಯರವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ. ಐವತ್ತು ದಾಟಿದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ನಿಮ್ಮದೇ ಪ್ರಶ್ನೆ ಕೇಳಿದ್ದಾರೆ. ಕೇಳುವಾಗ ದನಿ ತಗ್ಗಿಸುತ್ತಾರೆ, ಏನೋ ತಪ್ಪು ಮಾಡಿದವರ ಹಾಗೆ. ಆ ಸಂಕೋಚ ಹೋಗಲಿ ಅಂತಲೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಕಣ್ಣಿನ ವಿಷಯ. ನಲವತ್ತು ದಾಟುತ್ತಿದ್ದಂತೆ ಕಣ್ಣಿನೊಳಗಿನ ಮಸೂರ ಗಡುಸಾಗುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕೇ ಅದನ್ನು ಚಾಳೀಸು, ಅಂದರೆ ನಲವತ್ತು, ಅಂತ ಕರೆದರು. ಓದಲು ಬೆಳಕೂ ಮೊದಲಿಗಿಂತ ಜಾಸ್ತಿ ಬೇಕಾಗುತ್ತದೆ. ನಮ್ಮ ಕಡೆ ಮಳೆಗಾಲದ ಮಧ್ಯಾಹ್ನ, ಕರೆಂಟು ಹೋದ ಜಗಲಿಯಲ್ಲಿ, ಮೂವತ್ತು ವರ್ಷದ ಹಿಂದಿನ ಸಣ್ಣ ಅಕ್ಷರದ ಮುದ್ರಣ ಹಿಡಿದು ಕೂತರೆ ಯಾವ ಪುಸ್ತಕವಾದರೂ ಕಷ್ಟವೇ. ನಮ್ಮ ಗುಂಪಿನ ಒಬ್ಬರು ಆರು ತಿಂಗಳು ಒಂದು ಕಾದಂಬರಿಯನ್ನು ಬೈದರು. ಕನ್ನಡಕದ ನಂಬರು ಬದಲಾದ ಮೇಲೆ ಎಂಟು ದಿನದಲ್ಲಿ ಮುಗಿಸಿದರು. ಹಾಗಾಗಿ ಮೊದಲು ಕಣ್ಣು ತೋರಿಸಿಕೊಳ್ಳಿ.

ಮೊಬೈಲಿನದು ಎರಡೇ ಮಾತು. ಅದರ ಕಾಟಕ್ಕೂ ವಯಸ್ಸಿಗೂ ಸಂಬಂಧವಿಲ್ಲ, 23ರ ಹುಡುಗಿಗೂ ಅದೇ ಗೋಳು. ಓದುವ ಹೊತ್ತಿಗೆ ಅದನ್ನು ಬೇರೆ ಕೋಣೆಯಲ್ಲಿಡಿ.

ಇನ್ನು ತಲೆಯ ವಿಚಾರ. ಬುದ್ಧಿಯಲ್ಲಿ ಎರಡು ಬಗೆ ಇದೆ ಅಂತ ರೇಮಂಡ್ ಕ್ಯಾಟೆಲ್, ಜಾನ್ ಹಾರ್ನ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ವಿವರಿಸಿದರು. ಒಂದು, ಹೊಸ ಗಂಟನ್ನು ಚಕಚಕನೆ ಬಿಡಿಸುವ ಬುದ್ಧಿ. ಇನ್ನೊಂದು, ಬದುಕಿನಲ್ಲಿ ಕೂಡಿಟ್ಟುಕೊಂಡ ತಿಳಿವಳಿಕೆ. ಮೊದಲನೆಯದು ಯೌವನದಲ್ಲೇ ತುದಿ ಮುಟ್ಟಿ ಮೆಲ್ಲಗೆ ಇಳಿಯುತ್ತದೆ. ಎರಡನೆಯದು ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ. ಪದಸಂಪತ್ತಂತೂ ಅರವತ್ತರವರೆಗೂ ಹೆಚ್ಚುತ್ತದೆ.

ಇದನ್ನು ಪುಸ್ತಕಕ್ಕೆ ಹಚ್ಚಿ ನೋಡಿ. ಕಾಲ ಹಿಂದೆ ಮುಂದೆ ಜಿಗಿಯುವ ಕಾದಂಬರಿ. ಎಂಟು ಪಾತ್ರ, ಯಾರು ಮಾತಾಡುತ್ತಿದ್ದಾರೆ ಅಂತ ಹೇಳದ ಅಧ್ಯಾಯಗಳು. ಎಲ್ಲ ಎಳೆಗಳನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದುಕೊಂಡಿರಬೇಕು. ಇಪ್ಪತ್ತರಲ್ಲಿ ಇದೊಂದು ಆಟ. ಐವತ್ತರಲ್ಲಿ ಎರಡು ದಿನ ಬಿಟ್ಟು ತೆರೆದರೆ ಅರ್ಧ ಎಳೆ ಕೈಬಿಟ್ಟಿರುತ್ತದೆ. ನೀವು ಹತ್ತು ಪುಟಕ್ಕೆ ಮುಚ್ಚುತ್ತಿರುವುದು ಹೆಚ್ಚಾಗಿ ಇಂಥ ಪುಸ್ತಕವನ್ನೇ ಇರಬೇಕು. ಆದರೆ ಕಷ್ಟ ಅನ್ನುವುದು ಅದೊಂದೇ ಬಗೆಯದಲ್ಲ.

ನಿಮ್ಮದೇ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ' ಕಾದಂಬರಿಯನ್ನು ತೆಗೆದುಕೊಳ್ಳಿ. 1979ರಲ್ಲಿ ಬಂದದ್ದು, ಆಗ ಚಿತ್ತಾಲರಿಗೂ ಐವತ್ತರ ಆಸುಪಾಸು. ನಾನದನ್ನು ಮೊದಲು ಓದಿದ್ದು ಇಪ್ಪತ್ತೊಂದರಲ್ಲಿ. ಮುಂಬಯಿಯಲ್ಲಿ ಕೆಲಸದಿಂದ ಅಮಾನತ್ತಾದ ನಾಗಪ್ಪ, ಯಾರನ್ನು ನಂಬಬೇಕೋ ತಿಳಿಯದೆ ಒದ್ದಾಡುತ್ತಾನೆ. ನನಗೆ ಅದು ಬಿಡಿಸುವ ಒಗಟಾಗಿತ್ತು. ಸಂಚು ಯಾರದು ಅಂತ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಂಡು ಓದಿ, ಮೂರು ದಿನದಲ್ಲಿ ಮುಗಿಸಿ, ಗೆಳೆಯರ ಎದುರು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮತ್ತೆ ಓದಿದ್ದು 47ರಲ್ಲಿ. ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷ ನೌಕರಿ ಮಾಡಿದ್ದೆ. ನಿನ್ನೆಯವರೆಗೆ ಒಟ್ಟಿಗೆ ಚಹಾ ಕುಡಿದವನು ಇವತ್ತು ಕಾರಿಡಾರಿನಲ್ಲಿ ಮುಖ ತಿರುಗಿಸುವುದನ್ನು ನೋಡಿದ್ದೆ. ಈ ಸಲ ಮುಗಿಸಲು ಒಂದೂವರೆ ತಿಂಗಳು ಬೇಕಾಯಿತು. ವಾಕ್ಯ ಒಂದೂ ಕಷ್ಟವಿರಲಿಲ್ಲ. ನಾಗಪ್ಪನ ಹೆದರಿಕೆ ನನ್ನ ಹೊಟ್ಟೆಯಲ್ಲೇ ಕೂತಿತ್ತು, ರಾತ್ರಿ ಓದಿದರೆ ನಿದ್ದೆ ಬರುತ್ತಿರಲಿಲ್ಲ. ಮೊದಲ ಸಲ ನಾನು ಪುಸ್ತಕದ ಕಟ್ಟಡ ನೋಡಿದ್ದೆ, ಅದರೊಳಗೆ ವಾಸ ಮಾಡಿದ್ದು ಎರಡನೇ ಸಲ.

ಹೀಗೆ ಓದು ನಿಧಾನವಾದರೆ ಜನ ಅದನ್ನು ಸೋಲು ಅಂದುಕೊಳ್ಳುತ್ತಾರೆ. ನನಗೆ ಹಾಗನಿಸುವುದಿಲ್ಲ.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಪಂಪ ಹುಟ್ಟಿದ್ದು 902ರಲ್ಲಿ. ಎರಡೂ ಕಾವ್ಯ ಬರೆದದ್ದು 941ರ ಹೊತ್ತಿಗೆ, ಅಂದರೆ 39ರ ವಯಸ್ಸಿನಲ್ಲಿ. ಅವನು ಅರ್ಜುನನ ಬಾಯಲ್ಲಿ ಹೊಗಳಿಸಿದ ಬನವಾಸಿ ನಮ್ಮ ಶಿರಸಿ ತಾಲೂಕಿನಲ್ಲೇ ಇದೆ, ಮುಕ್ಕಾಲು ಗಂಟೆಯ ಬಸ್ಸಿನ ದಾರಿ. ಆ ಪದ್ಯ ನಾವೆಲ್ಲ ಪರೀಕ್ಷೆಗೆ ಕಂಠಪಾಠ ಮಾಡಿದ್ದೇ. ಆಗ ಹಳಗನ್ನಡ ಅಂದರೆ ಕಬ್ಬಿಣದ ಕಡಲೆ. ಕಳೆದ ವರ್ಷ ಜಗಲಿಯಲ್ಲಿ ಅದನ್ನೇ ತೆಗೆದೆವು.

ಓದಲು ಕೂತಿದ್ದು 23ರ ಹುಡುಗಿ. 'ಚಾಗ' ಅನ್ನುವಲ್ಲಿ ನಿಂತಳು, ಮುಂದೆ 'ಗೊಟ್ಟಿ' ಅನ್ನುವಲ್ಲಿ ಮತ್ತೆ ನಿಂತಳು. ನಿಘಂಟಿಗಾಗಿ ಮೊಬೈಲ್ ಹುಡುಕತೊಡಗಿದಳು. 71ರ ಹಿರಿಯರು ಎಲೆಅಡಿಕೆಯ ಕವಳ ಹಾಕುತ್ತಾ ಕೂತಿದ್ದವರು ಹೇಳಿದರು, "ಕೂಸೇ, ಒಂದ್ಸಲ ದೊಡ್ಡಕೆ ಓದು ನೋಡನ."

ಓದಿದಳು. ಇನ್ನೊಮ್ಮೆ ಓದಿದಳು. "ಗೊಟ್ಟಿ ಅಂದ್ರೆ ಗೋಷ್ಠಿಯಾ ಮಾವ? ಚಾಗ ತ್ಯಾಗವಾ?"

ಅಷ್ಟೇ. ಗೊಟ್ಟಿ ಅಂದರೆ ನಾವು ಆಗ ಮಾಡುತ್ತಿದ್ದದ್ದೇ, ಒಟ್ಟಿಗೆ ಕೂತು ಓದಿ ಮಾತಾಡುವುದು. ಸಾವಿರ ವರ್ಷದ ಹಿಂದಿನ ಕವಿ ಬನವಾಸಿ ಸೀಮೆಯ ಸುಖಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿದ್ದಾನೆ. ಹಿರಿಯರಿಗೆ ಆ ಪದಗಳು ತಡೆಯಲಿಲ್ಲ. ಅವರೇನೂ ಪಂಡಿತರಲ್ಲ, ಅಡಿಕೆ ತೋಟ ಮಾಡಿಕೊಂಡಿದ್ದವರು. ಆದರೆ ಹುಡುಗನಾಗಿದ್ದಾಗಿನಿಂದ ತಾಳಮದ್ದಲೆ ಕೇಳಿದ ಕಿವಿ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕೂತು ರಾತ್ರಿಯಿಡೀ ಮಾತಲ್ಲೇ ವಾದ ಕಟ್ಟುತ್ತಾರೆ. ನಮ್ಮ ಕಡೆ ಯಾವ ಕೂಟಕ್ಕೆ ಹೋಗಿ ನೋಡಿ, ಮುಂದಿನ ಸಾಲಲ್ಲಿ ಅಲುಗಾಡದೆ ಕೂತವರು ಹೆಚ್ಚಾಗಿ ಹಿರಿಯರೇ. ಕಷ್ಟದ ಸಾಹಿತ್ಯದ ರುಚಿ ವಯಸ್ಸಿನ ಜೊತೆ ಹೋಗುತ್ತದೆ ಅನ್ನುವವರು ಆ ಸಾಲನ್ನು ಒಮ್ಮೆ ನೋಡಬೇಕು.

ಪದ್ಯದ ಕೊನೆಯಲ್ಲಿ ಒಂದು ಆಸೆ ಇದೆ. ಇಲ್ಲಿ ಮನುಷ್ಯನಾಗಿ ಹುಟ್ಟಲು ಆಗದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಆದರೂ ಹುಟ್ಟಬೇಕು ಅಂತ. ಇಪ್ಪತ್ತರಲ್ಲಿ ನಾನದನ್ನು ಊರ ಮೇಲಿನ ಅಭಿಮಾನ ಅಂತ ಐದು ಅಂಕಕ್ಕೆ ಬರೆದಿದ್ದೆ. ಈಗ ನಮ್ಮ ಹಳ್ಳಿಗಳಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ನಾಲ್ಕಂಕಣದ ಮನೆಯಲ್ಲಿ ಇಬ್ಬರೇ ಮುದುಕರು. ಆ ಸಾಲು ಬಂದಾಗ ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಹಿರಿಯರು ಕವಳ ಉಗಿಯುವ ನೆಪದಲ್ಲಿ ಅಂಗಳಕ್ಕೆ ಇಳಿದುಹೋದರು. ಅವರ ಇಬ್ಬರು ಮಕ್ಕಳೂ ಹೊರಗಿದ್ದಾರೆ.

ಇಲ್ಲಿ ಇನ್ನೊಂದು ಕಾರಣವೂ ಕೆಲಸ ಮಾಡುತ್ತದೆ. ಲಾರಾ ಕಾರ್‌ಸ್ಟೆನ್ಸನ್ ಎಂಬ ಮನಶ್ಶಾಸ್ತ್ರಜ್ಞೆ ವಯಸ್ಸು ಮತ್ತು ಆಯ್ಕೆಯ ಬಗ್ಗೆ ಬಹಳ ಕಾಲ ಕೆಲಸ ಮಾಡಿದ್ದಾರೆ. ಮುಂದೆ ಬೇಕಾದಷ್ಟು ಕಾಲವಿದೆ ಅನಿಸಿದಾಗ ಮನುಷ್ಯ ಹೊಸದನ್ನು ಹುಡುಕುತ್ತಾನೆ, ಕಾಲ ಕಮ್ಮಿ ಇದೆ ಅನಿಸಿದಾಗ ಮನಸ್ಸಿಗೆ ಅರ್ಥವಿರುವುದನ್ನು ಆರಿಸುತ್ತಾನೆ ಅನ್ನುವುದು ಅವರ ವಾದ. ಇಪ್ಪತ್ತರಲ್ಲಿ ನಾವು ಕಷ್ಟದ ಪುಸ್ತಕ ಓದುವುದರಲ್ಲಿ ಒಂದು ಪಾಲು ಹಸಿವು, ಒಂದು ಪಾಲು ನಾಲ್ಕು ಜನ ನೋಡಲಿ ಅನ್ನುವ ಆಸೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಆ ಆಸೆಯಿಂದಲೇ ಎಷ್ಟೋ ಒಳ್ಳೆಯ ಪುಸ್ತಕ ನಮ್ಮ ಕೈಗೆ ಬಂದವು. ಈಗ ಆ ಆಸೆ ಇಲ್ಲ. ಸುಮ್ನೆ ಕಷ್ಟ ಕೊಡುವ ಪುಸ್ತಕ ಒಳಗೆ ಏನೂ ಇಟ್ಟಿಲ್ಲ ಅಂತ ಹತ್ತೇ ಪುಟದಲ್ಲಿ ಗೊತ್ತಾಗುತ್ತದೆ. ಅಂಥದನ್ನು ಧಾರಾಳವಾಗಿ ಮುಚ್ಚಿ.

ಇದರ ತಿರುಗು ಮುಖವೂ ಇದೆ. ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳು ನಾಲ್ಕೇ ಸಾಲಿನವು, ಮಗುವಿಗೂ ತಿಳಿಯುತ್ತವೆ. ಹಾಗಾಗಿ ಕಾಲೇಜಿನ ದಿನಗಳಲ್ಲಿ ನಾನು ಅವನ್ನು ಕವಿತೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಈಗ ಒಂದು ಚುಟುಕ ಓದಿದರೆ ಮುಂದಿನದಕ್ಕೆ ಹೋಗಲು ಹೊತ್ತು ಬೇಕು. ಸರಳವಾದ ಸಾಲು ಯಾರ ಮೇಲೆ ಬೀಳುತ್ತಿದೆ, ಯಾವ ಸಂಕಟದಿಂದ ಬಂತು ಅಂತ ಗೊತ್ತಾಗುವಷ್ಟು ಜನರನ್ನು ನೋಡಿದ್ದೇನಲ್ಲ.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಜಗಲಿಯಲ್ಲಿ ಫಲ ಕೊಟ್ಟದ್ದನ್ನು ಹೇಳುತ್ತೇನೆ. ರಾತ್ರಿ ಊಟದ ನಂತರ ಓದುವ ಹಳೆಯ ಅಭ್ಯಾಸ ಬಿಟ್ಟು, ಕಷ್ಟದ್ದನ್ನು ಬೆಳಿಗ್ಗೆ ಓದಿ. ದಿನಕ್ಕೆ ಆರೆಂಟು ಪುಟ ಸಾಕು, ಆದರೆ ದಿನ ತಪ್ಪಿಸಬೇಡಿ, ತಪ್ಪಿಸಿದರೆ ಎಳೆ ಕಡಿಯುತ್ತದೆ. ಪಾತ್ರಗಳ ಹೆಸರನ್ನು ಹಿಂದಿನ ರಟ್ಟಿನ ಒಳಬದಿ ಬರೆದಿಡಿ. ಒಬ್ಬರಾದರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು, ಅದರಲ್ಲೂ ನಿಮಗಿಂತ ಚಿಕ್ಕವರು. ಅವರು ಗಂಟು ಬಿಡಿಸುತ್ತಾರೆ, ಒಳಗೆ ಏನಿದೆ ಅಂತ ನೀವು ಹೇಳುತ್ತೀರಿ.

ಮತ್ತೆ, ಇಪ್ಪತ್ತರಲ್ಲಿ ನೀವು ತುಂಬ ಪ್ರೀತಿಸಿದ್ದ ಪುಸ್ತಕ ಒಂದಿದ್ದರೆ ಅದರಿಂದಲೇ ಶುರು ಮಾಡಿ. ಈಚೆಗೆ ಅದನ್ನು ತೆಗೆದು ಯಾವ ಪುಟದಲ್ಲಿ ಮುಚ್ಚಿದಿರಿ ಅಂತ ನೆನಪಿದ್ದರೆ ಅಲ್ಲಿಂದ ನಾಲ್ಕು ಪುಟ ಹಿಂದೆ ಹೋಗಿ. ಬೆಳಿಗ್ಗೆ ಚಹಾ ಆದ ಮೇಲೆ, ಕಿಟಕಿಯ ಪಕ್ಕ ಕೂತು, ದೊಡ್ಡಕೆ ಓದಿ.