ಮೊದಲು ತಲುಪಿಸು, ಲೆಕ್ಕ ಆಮೇಲೆ: ಕೂಲಿ ಚೆಕ್ಕಿನಿಂದ ಕ್ರೆಮ್ಲಿನ್‌ವರೆಗೆ ಹ್ಯಾರಿ ಹಾಪ್ಕಿನ್ಸ್

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಆಪ್ತ ಸಲಹೆಗಾರ ಹ್ಯಾರಿ ಹಾಪ್ಕಿನ್ಸ್ ಹೆಸರು ಬಂದಲ್ಲೆಲ್ಲ ಮೂರು ತಕರಾರುಗಳೂ ಬೆನ್ನಿಗೇ ಬರುತ್ತವೆ. ಬಡವರ ಪರಿಹಾರದ ಹೆಸರಿನಲ್ಲಿ ಸರ್ಕಾರದ ದುಡ್ಡನ್ನು ನೀರಿನಂತೆ ಚೆಲ್ಲಿದರು ಎಂಬುದು ಒಂದು. ಯಾರೂ ಚುನಾಯಿಸದ ವ್ಯಕ್ತಿ ಶ್ವೇತಭವನದಲ್ಲೇ ಬಿಡಾರ ಹೂಡಿ ಯುದ್ಧಕಾಲದ ರಾಜತಾಂತ್ರಿಕತೆ ನಡೆಸಿದರು ಎಂಬುದು ಇನ್ನೊಂದು. ಸೋವಿಯತ್ ಒಕ್ಕೂಟ ಕೇಳಿದ್ದನ್ನೆಲ್ಲ ಕೊಟ್ಟರು, ಅದರ ಹಿಂದೆ ಬೇರೇನೋ ಇತ್ತು ಎಂಬುದು ಮೂರನೆಯದು. ಇವನ್ನು ಬೇರೆ ಬೇರೆಯಾಗಿ ಬಿಡಿಸಲು ಹೊರಟರೆ ಗೋಜಲು ಹೆಚ್ಚುತ್ತದೆ. ಮೂರರ ಬುಡದಲ್ಲೂ ಇರುವುದು ಒಂದೇ ಕಾರ್ಯಕ್ರಮ: ತುರ್ತಿನ ಹೊತ್ತಿನಲ್ಲಿ ಬೇಕಾದವರಿಗೆ ಮೊದಲು ತಲುಪಿಸು, ಲೆಕ್ಕ ಆಮೇಲೆ ನೋಡಿಕೊಳ್ಳೋಣ.

1890ರಲ್ಲಿ ಅಯೋವಾದ ಸೂ ಸಿಟಿಯಲ್ಲಿ ಹುಟ್ಟಿ, 1912ರಲ್ಲಿ ಗ್ರಿನೆಲ್ ಕಾಲೇಜಿನಿಂದ ಪದವಿ ಪಡೆದು, ನ್ಯೂಯಾರ್ಕ್‌ನ ಬಡ ಕೇರಿಗಳಲ್ಲಿ ಸಮಾಜಸೇವೆಗೆ ಇಳಿದ ಹಾಪ್ಕಿನ್ಸ್, 1931ರಲ್ಲಿ ಆ ರಾಜ್ಯದ ಗವರ್ನರ್ ಆಗಿದ್ದ ರೂಸ್ವೆಲ್ಟ್ ಕಟ್ಟಿದ ಪರಿಹಾರ ಸಂಸ್ಥೆಯ ಹೊಣೆ ಹೊತ್ತರು. ಎರಡು ವರ್ಷದ ನಂತರ ರೂಸ್ವೆಲ್ಟ್ ಅಧ್ಯಕ್ಷರಾದಾಗ ದೇಶದ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

1933ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 50 ಕೋಟಿ ಡಾಲರ್ ಕೊಟ್ಟು ಫೆಡರಲ್ ತುರ್ತು ಪರಿಹಾರ ಆಡಳಿತವನ್ನು ಸ್ಥಾಪಿಸಿತು. ಹಣದ ಅರ್ಧಭಾಗಕ್ಕೆ ಷರತ್ತಿತ್ತು: ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು 3 ಡಾಲರ್ ಹಾಕಿದರೆ ಕೇಂದ್ರದ್ದು 1 ಡಾಲರ್. ಖಜಾನೆ ಬರಿದಾಗಿದ್ದ ರಾಜ್ಯಗಳಿಗೆ ಇದು ಕೈಗೆಟುಕದ ಷರತ್ತು. ಅವುಗಳಿಗಾಗಿಯೇ ಉಳಿದರ್ಧವನ್ನು ಆಡಳಿತಗಾರರ ವಿವೇಚನೆಗೆ ಬಿಡಲಾಗಿತ್ತು. ಹಾಪ್ಕಿನ್ಸ್ ಕುರ್ಚಿಯಲ್ಲಿ ಕುಳಿತ ಮೊದಲ ಎರಡು ಗಂಟೆಗಳಲ್ಲಿ 50 ಲಕ್ಷ ಡಾಲರ್‌ಗೂ ಹೆಚ್ಚು ಮಂಜೂರು ಮಾಡಿದರು. ದೀರ್ಘಾವಧಿಯಲ್ಲಿ ಎಲ್ಲ ತಾನೇ ಸರಿಹೋಗುತ್ತದೆ ಎಂದವರಿಗೆ, ಜನ ಊಟ ಮಾಡುವುದು ದೀರ್ಘಾವಧಿಯಲ್ಲಲ್ಲ, ದಿನಾ ಎಂದು ಅವರು ಕೊಟ್ಟ ಉತ್ತರ ಇವತ್ತಿಗೂ ಉಳಿದಿದೆ.

ಆದರೆ ದುಡ್ಡು ಜನರನ್ನು ಮುಟ್ಟುತ್ತಿದ್ದ ರೀತಿ ಹಾಪ್ಕಿನ್ಸ್‌ಗೆ ಹಿಡಿಸಲಿಲ್ಲ. ಪರಿಹಾರ ಬೇಕೆಂದವರ ಮನೆಗೆ ಪರಿಶೀಲಕರು ಬಂದು ಅಡುಗೆಮನೆಯ ಕಪಾಟು ತೆರೆದು ನೋಡುತ್ತಿದ್ದರು. ಅನೇಕ ಕಡೆ ನಗದಿನ ಬದಲು ದಿನಸಿ ಚೀಟಿ ಕೊಡುತ್ತಿದ್ದರು. ಏನು ಕೊಳ್ಳಬೇಕು, ಎಷ್ಟು ಕೊಳ್ಳಬೇಕು ಎಂಬುದೂ ಅದರಲ್ಲೇ ಬರೆದಿರುತ್ತಿತ್ತು. ದುಡಿಯಬಲ್ಲವರನ್ನು ಭಿಕ್ಷೆಯ ಸಾಲಿನಲ್ಲಿ ನಿಲ್ಲಿಸುವ ಈ ಪದ್ಧತಿ ಹಸಿವಿನಷ್ಟೇ ನೋಯಿಸುತ್ತದೆ. ಅದಕ್ಕೆ ಮದ್ದಾಗಿ ಬಂದದ್ದು 1933ರ ನವೆಂಬರ್‌ನ ಸಿವಿಲ್ ವರ್ಕ್ಸ್ ಆಡಳಿತ. ಈ ಐದು ತಿಂಗಳ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಚಳಿಗಾಲ ಕಳೆಯಲು 40 ಲಕ್ಷ ಜನರಿಗೆ ಕೆಲಸ ಬೇಕು ಎಂದು ಹಾಪ್ಕಿನ್ಸ್ ಹೇಳಿದಾಗ ರೂಸ್ವೆಲ್ಟ್ ಅಲ್ಲೇ ಗುಣಿಸಿದರು: ಹೆಚ್ಚುಕಡಿಮೆ 40 ಕೋಟಿ ಡಾಲರ್. ದೊಡ್ಡ ಅಣೆಕಟ್ಟು, ಸೇತುವೆಗಳಿಗೆಂದು ಮೀಸಲಿಟ್ಟ ಲೋಕೋಪಯೋಗಿ ನಿಧಿಯಿಂದ ಅದನ್ನು ತೆಗೆದರು. ನವೆಂಬರ್ 9ಕ್ಕೆ ಆದೇಶ ಹೊರಟಿತು. ಕೆಲಸ ಕೊಡುವುದಕ್ಕಿಂತ ಕೂಲಿ ಬಟವಾಡೆ ಕಷ್ಟದ್ದು. ಅಷ್ಟು ಜನರಿಗೆ ವಾರವಾರ ಚೆಕ್ ಬರೆಯುವ ಕಚೇರಿ ಹಾಪ್ಕಿನ್ಸ್ ಬಳಿ ಇರಲಿಲ್ಲ. ಮಾಜಿ ಸೈನಿಕರ ಪಿಂಚಣಿ ಹಂಚುತ್ತಿದ್ದ ಇಲಾಖೆಗೆ ದೇಶದ ಮೂಲೆಮೂಲೆಯಲ್ಲೂ ಜಾಲವಿತ್ತು. ಹೊಸದನ್ನು ಕಟ್ಟುತ್ತ ಕೂರದೆ ಅದನ್ನೇ ಬಳಸಿಕೊಂಡರು. ನವೆಂಬರ್ ಮುಗಿಯುವ ಮೊದಲೇ 8 ಲಕ್ಷಕ್ಕೂ ಹೆಚ್ಚು ಜನರ ಕೈಗೆ ಕೂಲಿ ಬಂದಿತ್ತು. ಜನವರಿಯಲ್ಲಿ ಸಂಖ್ಯೆ 42 ಲಕ್ಷ ದಾಟಿತು. ಸುಮಾರು ಅರ್ಧದಷ್ಟು ಜನ ಪರಿಹಾರದ ಪಟ್ಟಿಯಿಂದ ಬಂದವರು. ಉಳಿದರ್ಧ ಬರೀ ನಿರುದ್ಯೋಗಿಗಳು. ಅವರ ಕಪಾಟನ್ನು ಯಾರೂ ತೆರೆದು ನೋಡಲಿಲ್ಲ. ಕುಶಲರಲ್ಲದವರಿಗೆ ಗಂಟೆಗೆ ದಕ್ಷಿಣದಲ್ಲಿ 40 ಸೆಂಟ್, ಮಧ್ಯವಲಯದಲ್ಲಿ 45, ಉತ್ತರದಲ್ಲಿ 50. ವಾರಕ್ಕೆ 30 ಗಂಟೆ ಕೆಲಸ.

ಎಡವಿದ್ದೂ ಇದೆ. ಹೆಪ್ಪುಗಟ್ಟಿದ ನೆಲ, ಸಾಕಾಗದ ಸಲಿಕೆ, ಗುದ್ದಲಿ. ಸಾಮಗ್ರಿಗೆ ದುಡ್ಡು ಕಡಿಮೆ ಇದ್ದುದರಿಂದ ಮೈಬಲವೊಂದೇ ಸಾಕಾಗುವ ಕಾಮಗಾರಿಗಳೇ ಹೆಚ್ಚಾದವು: ರಸ್ತೆ, ಚರಂಡಿ, ಶಾಲೆ ದುರಸ್ತಿ. ನಮ್ಮ ಉದ್ಯೋಗ ಖಾತ್ರಿಯ 60:40 ಕೂಲಿ-ಸಾಮಗ್ರಿ ಅನುಪಾತದ ಜಗಳ ಕೇಳಿದವರಿಗೆ ಇದು ಹೊಸತೆನಿಸದು. ಹಣ ಕರಗತೊಡಗಿದಾಗ ಜನವರಿಯಲ್ಲೇ ವಾರದ ಗಂಟೆಗಳನ್ನು ನಗರಗಳಲ್ಲಿ 24ಕ್ಕೆ, ಹಳ್ಳಿಗಳಲ್ಲಿ 15ಕ್ಕೆ ಇಳಿಸಿದರು. ಕೂಲಿ ರೂಢಿಯಾದರೆ ನಿಲ್ಲಿಸಲಾಗದು ಎಂಬ ಅಳುಕು ವಾಷಿಂಗ್ಟನ್‌ನಲ್ಲಿತ್ತು. ಮಾರ್ಚ್ ಕೊನೆಗೆ ಯೋಜನೆಯನ್ನು ಮುಚ್ಚಿದರು. ಚಳಿ ಕಳೆದಿತ್ತು, ನಿರುದ್ಯೋಗ ಕಳೆದಿರಲಿಲ್ಲ.

1935ರಲ್ಲಿ 488 ಕೋಟಿ ಡಾಲರ್‌ಗಳ ಕಾಯ್ದೆ ಬಂದು, ಅದರಡಿ ಹುಟ್ಟಿದ ಉದ್ಯೋಗ ಸಂಸ್ಥೆ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಆಡಳಿತ) ಎಂಟು ವರ್ಷಗಳಲ್ಲಿ 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು, 6.5 ಲಕ್ಷ ಮೈಲಿ ರಸ್ತೆ ಮಾಡಿತು ಅಥವಾ ದುರಸ್ತಿಗೊಳಿಸಿತು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಕೆಲಸ. ತಿಂಗಳ ಸಂಬಳ ಪ್ರದೇಶ, ಊರಿನ ಗಾತ್ರ, ಕೌಶಲ ನೋಡಿ 19ರಿಂದ 94 ಡಾಲರ್. ಮುಂದೆ ಮಾರುಕಟ್ಟೆಯ ಗಂಟೆ ದರ ಕೊಡಬೇಕು, ಆದರೆ ತಿಂಗಳ ಮೊತ್ತ ಹೆಚ್ಚಬಾರದು ಎಂದಾಯಿತು. ಪರಿಣಾಮ, ಗಾರೆಯವರು ಕೆಲವೇ ದಿನ ಬಂದು ಗಂಟೆ ಮುಗಿಸಿ ಹೋಗುತ್ತಿದ್ದರು. ಮಣ್ಣು ಹೊರುವವರು ತಿಂಗಳಿಡೀ ಇರುತ್ತಿದ್ದರು. ಕೆಲಸಗಳು ಅರ್ಧಕ್ಕೆ ನಿಂತು, ಎಲೆ ಗುಡಿಸುವ ಯೋಜನೆ ಎಂಬ ಹೀಯಾಳಿಕೆ ಹುಟ್ಟಿತು. ಆ ಸೋಮಾರಿತನ ಬಹುಪಾಲು ನಿಯಮದ್ದು, ಕೂಲಿಕಾರರದ್ದಲ್ಲ.

1937ರ ಕೊನೆಗೆ ಹಾಪ್ಕಿನ್ಸ್‌ಗೆ ಹೊಟ್ಟೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಯಿತು. ನಡುವೆ ವಾಣಿಜ್ಯ ಕಾರ್ಯದರ್ಶಿಯಾದರು, ದೇಹ ಸಹಕರಿಸಲಿಲ್ಲ. 1940ರ ಮೇ 10ರಂದು, ಜರ್ಮನ್ ಸೇನೆ ಹಾಲೆಂಡ್, ಬೆಲ್ಜಿಯಂಗಳಿಗೆ ನುಗ್ಗಿದ ದಿನ, ಊಟಕ್ಕೆಂದು ಶ್ವೇತಭವನಕ್ಕೆ ಹೋದವರು ರಾತ್ರಿ ಅಲ್ಲೇ ಉಳಿದರು. ಆ ಉಳಿದುಕೊಳ್ಳುವಿಕೆ ಮೂರು ವರ್ಷಕ್ಕೂ ಮೀರಿ ನಡೆಯಿತು.

1941ರ ಜನವರಿಯಲ್ಲಿ ಲಂಡನ್‌ಗೆ ಹೋಗಿ, ಬ್ರಿಟನ್ ತಾಳಿಕೊಳ್ಳುತ್ತದೆಯೇ, ಏನು ಬೇಕು ಎಂದು ನೋಡಿ ಬಂದರು. ಮಿತ್ರದೇಶಗಳಿಗೆ ಶಸ್ತ್ರ, ಸರಕನ್ನು ಆಗಲೇ ಬೆಲೆ ಕೇಳದೆ ಎರವಲಾಗಿ ಕೊಡುವ ಲೆಂಡ್-ಲೀಸ್ ಕಾಯ್ದೆಗೆ ಮಾರ್ಚ್ 11ಕ್ಕೆ ಸಹಿ ಬಿತ್ತು. ಮೊದಲ ಕಂತು 700 ಕೋಟಿ ಡಾಲರ್. ಕೂಲಿ ಹಂಚಿದ ಅದೇ ಕ್ರಮ ಇಲ್ಲೂ ನಡೆಯಿತು: ಕೇಳುವವರು ಪಟ್ಟಿ ಕೊಡಬೇಕು, ಸೇನೆ ತನ್ನ ಖರೀದಿ ಜಾಲದಿಂದಲೇ ಒದಗಿಸಬೇಕು, ಹಡಗು ಸಿಗಬೇಕು. ಪಟ್ಟಿ ದೊಡ್ಡದು, ಹಡಗು ಕಡಿಮೆ. ಯಾವುದು ಮೊದಲು ಎಂದು ಹೇಳುವವರು ಒಬ್ಬರು ಬೇಕಿತ್ತು. ಆ ಕೆಲಸವನ್ನು ಹಾಪ್ಕಿನ್ಸ್ ತಮ್ಮ ಕೋಣೆಯಿಂದಲೇ ಮಾಡಿದರು. 1942ರಲ್ಲಿ ಮದ್ದುಗುಂಡು ಹಂಚಿಕೆ ಮಂಡಳಿಯ ಅಧ್ಯಕ್ಷರಾದಾಗಷ್ಟೇ ಅದಕ್ಕೊಂದು ನಾಮಫಲಕ ಸಿಕ್ಕಿತು.

1941ರ ಜೂನ್‌ನಲ್ಲಿ ಜರ್ಮನಿ ಸೋವಿಯತ್ ಮೇಲೆ ಬಿದ್ದಾಗ, ಮಾಸ್ಕೋ ಕೆಲವೇ ವಾರ ಬಾಳುತ್ತದೆ ಎಂದು ವಾಷಿಂಗ್ಟನ್‌ನ ಅನೇಕ ಸೇನಾಧಿಕಾರಿಗಳ ಅಂದಾಜು. ಹಾಪ್ಕಿನ್ಸ್ ಸ್ಕಾಟ್ಲೆಂಡ್‌ನಿಂದ ಕ್ಯಾಟಲೀನಾ ವಿಮಾನ ಹತ್ತಿ ಅರ್ಖಾಂಗೆಲ್ಸ್ಕ್ ಮೂಲಕ ಮಾಸ್ಕೋ ತಲುಪಿ, ಜುಲೈ 30 ಮತ್ತು 31ರಂದು ಸ್ಟಾಲಿನ್ ಜೊತೆ ಕುಳಿತರು. ತಕ್ಷಣಕ್ಕೆ ವಿಮಾನ ನಿರೋಧಕ ತೋಪು, ಮೆಷಿನ್ ಗನ್, 10 ಲಕ್ಷ ರೈಫಲ್ ಬೇಕು. ಮುಂದಕ್ಕೆ ವಿಮಾನದ ಪೆಟ್ರೋಲ್ ಮತ್ತು ಅಲ್ಯೂಮಿನಿಯಂ ಬೇಕು ಎಂದರು ಸ್ಟಾಲಿನ್. ಹಾಪ್ಕಿನ್ಸ್ ಗಮನಿಸಿದ್ದು ಆ ಅಲ್ಯೂಮಿನಿಯಂ ಅನ್ನು. ನಾಳೆ ಶರಣಾಗುವವರು ಮುಂದಿನ ವರ್ಷ ವಿಮಾನವಾಗುವ ಲೋಹವನ್ನು ಕೇಳುವುದಿಲ್ಲ. ಪರಿಹಾರದ ಅರ್ಜಿಗಳನ್ನು ವರ್ಷಗಟ್ಟಲೆ ಓದಿದವರ ಕಣ್ಣು ಅದು. ಔಷಧಿಯ ಚೀಲವನ್ನೇ ಅಲ್ಲಿ ಮರೆತು, ಇಪ್ಪತ್ನಾಲ್ಕು ತಾಸಿನ ಹಾರಾಟದಲ್ಲಿ ಅರೆಜೀವವಾಗಿ ಮರಳಿದರು. ಅಕ್ಟೋಬರ್ 1ರ ಒಪ್ಪಂದ ಮುಂದಿನ ಜೂನ್‌ವರೆಗೆ 15 ಲಕ್ಷ ಟನ್ ಸರಕಿನ ಮಾತು ಕೊಟ್ಟಿತು. ಯುದ್ಧ ಮುಗಿಯುವಷ್ಟರಲ್ಲಿ ಆರ್ಕ್ಟಿಕ್, ಇರಾನ್, ವ್ಲಾಡಿವೊಸ್ತೋಕ್ ದಾರಿಗಳಲ್ಲಿ ಹೋದದ್ದು ಸುಮಾರು 1.75 ಕೋಟಿ ಟನ್.

ಈ ಶಸ್ತ್ರಗಳ ಬೇಡಿಕೆಯೇ ಡಬ್ಲ್ಯುಪಿಎಗೆ ಕೊನೆ ಹಾಡಿತು. ಕಾರ್ಖಾನೆಗಳು ಕೈಗಳನ್ನು ಹುಡುಕತೊಡಗಿದ ಮೇಲೆ 1943ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಅದೇ ವರ್ಷ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಯಿತು. ಅಲ್ಲಿ ಪೂರ್ಣ ದುರಸ್ತಿ ಕಂಡ ಮೊದಲ ಅಮೆರಿಕನ್ ವಿಮಾನವೂ ಒಂದು ಕ್ಯಾಟಲೀನಾ.

ಭಾರತದ ವಿಷಯದಲ್ಲಿ ಮಾತ್ರ ಹಾಪ್ಕಿನ್ಸ್ ಕ್ರಮದ ಮಿತಿ ಕಾಣುತ್ತದೆ. 1942ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಬ್ರಿಟಿಷ್ ಸಚಿವ ಕ್ರಿಪ್ಸ್ ಮತ್ತು ಭಾರತದ ನಾಯಕರ ನಡುವೆ ಸ್ವಯಂ ಆಡಳಿತದ ಮಾತುಕತೆ ನಡೆದಿತ್ತು. ರೂಸ್ವೆಲ್ಟ್ ಕಳಿಸಿದ ಲೂಯಿ ಜಾನ್ಸನ್ ರಕ್ಷಣಾ ಖಾತೆಯ ಹಂಚಿಕೆಗೆ ಒಂದು ಸೂತ್ರ ಹೊಸೆಯುತ್ತಿದ್ದರು. ಆಗ ಲಂಡನ್‌ನಲ್ಲಿದ್ದ ಹಾಪ್ಕಿನ್ಸ್, ಜಾನ್ಸನ್ ಮಧ್ಯಸ್ಥಿಕೆ ಅಧ್ಯಕ್ಷರ ಪರವಾಗಿ ಅಲ್ಲ ಎಂದು ಚರ್ಚಿಲ್‌ಗೆ ಹೇಳಿಬಿಟ್ಟರು. ಸೂತ್ರದ ಬಲ ಅಲ್ಲಿಗೆ ಕುಂದಿತು. ಮಾತುಕತೆ ಮುರಿದ ಮೇಲೆ, ಕ್ರಿಪ್ಸ್ ಇನ್ನೂ ಅಲ್ಲೇ ಇದ್ದು ಮತ್ತೊಮ್ಮೆ ಯತ್ನಿಸಲಿ ಎಂಬ ರೂಸ್ವೆಲ್ಟ್ ತಂತಿ ಏಪ್ರಿಲ್ 12ರ ನಸುಕಿನ ಮೂರು ಗಂಟೆಗೆ ಬಂತು, ಚರ್ಚಿಲ್ ಕೆಂಡವಾದರು. ಇಡೀ ಯುದ್ಧದಲ್ಲಿ ಅಧ್ಯಕ್ಷರ ಬೇರಾವ ಸಲಹೆಯೂ ಅಷ್ಟು ಕೋಪ ಎಬ್ಬಿಸಲಿಲ್ಲ ಎಂದು ಹಾಪ್ಕಿನ್ಸ್ ಮುಂದೆ ನೆನೆದರು. ಹಿಟ್ಲರನ ವಿರುದ್ಧದ ಕೂಟ ಒಡೆಯಬಾರದು ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ಭಾರತ ಸರದಿಯ ಕೊನೆಗೆ ಸರಿಯಿತು. 1944ರಲ್ಲಿ ಭಾರತಕ್ಕೆ ಗೋಧಿ ತರಲು ಹಡಗು ಬೇಕೆಂದು ಚರ್ಚಿಲ್ಲರೇ ಕೇಳಿದಾಗಲೂ ಇಲ್ಲವೆಂಬ ಉತ್ತರ ಬಂತು. ಹಾಪ್ಕಿನ್ಸ್ ಆಗ ಮತ್ತೊಂದು ಶಸ್ತ್ರಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳುತ್ತಿದ್ದರು. ಹಸಿವು ಕಾಯುವುದಿಲ್ಲ ಎನ್ನುವ ದನಿ ಆ ಮೇಜಿನಲ್ಲಿ ಇರಬೇಕಿತ್ತು.

1945ರ ಏಪ್ರಿಲ್‌ನಲ್ಲಿ ರೂಸ್ವೆಲ್ಟ್ ತೀರಿಕೊಂಡರು. ಮೇ ತಿಂಗಳಲ್ಲಿ ಸೋವಿಯತ್‌ಗೆ ಹೋಗುವ ಸರಕನ್ನು ಏಕಾಏಕಿ ತಡೆದು, ಹೊರಟ ಹಡಗುಗಳನ್ನೂ ವಾಪಸು ಕರೆದರು. ಆದೇಶವನ್ನು ಬೇಗನೆ ಹಿಂತೆಗೆದರೂ ಗಾಯ ಉಳಿಯಿತು. ಹೊಸ ಅಧ್ಯಕ್ಷ ಟ್ರೂಮನ್ ಕೋರಿಕೆಯಂತೆ ಮತ್ತೆ ಮಾಸ್ಕೋಗೆ ಹೋದ ಹಾಪ್ಕಿನ್ಸ್, ವಿಶ್ವಸಂಸ್ಥೆಯ ವೀಟೊ ತಕರಾರು ಬಗೆಹರಿಸಿಕೊಂಡು ಬಂದರು. ಪೋಲೆಂಡ್ ವಿಷಯದಲ್ಲಿ ಸಿಕ್ಕಿದ್ದು ಅಲ್ಪ. 1946ರ ಜನವರಿ 29ರಂದು, 55ನೇ ವಯಸ್ಸಿನಲ್ಲಿ, ಕಣ್ಣು ಮುಚ್ಚಿದರು.

ಗೂಢಚಾರಿಕೆಯ ಆರೋಪ ಬಂದದ್ದು ಅವರು ಉತ್ತರಿಸಲಾಗದ ಕಾಲದಲ್ಲಿ. ಸೋವಿಯತ್ ತಂತಿಯೊಂದರ ‘19’ ಎಂಬ ಸಂಕೇತ ಅವರದೇ ಎಂದು 1990ರ ದಶಕದಲ್ಲಿ ವಾದ ಹುಟ್ಟಿತು. ಮುಂದೆ ಸಿಕ್ಕ ಸೋವಿಯತ್ ಕಡತಗಳ ಟಿಪ್ಪಣಿಗಳನ್ನು ನೋಡಿದ ಇತಿಹಾಸಕಾರರು ಅದು ವಿದೇಶಾಂಗ ಇಲಾಖೆಯ ಬೇರೊಬ್ಬ ಅಧಿಕಾರಿಯದು ಎಂದರು. ಷರತ್ತಿಲ್ಲದೆ ಕೊಟ್ಟದ್ದೇ ಸಂಶಯಕ್ಕೆ ಬೀಜ. ಆದರೆ ಹಾಪ್ಕಿನ್ಸ್ 1933ರಲ್ಲೂ ಹಾಗೆಯೇ ಕೊಟ್ಟಿದ್ದರು.

ಲೆಂಡ್-ಲೀಸ್‌ನ ಒಟ್ಟು ಮೊತ್ತ ಸುಮಾರು 5,000 ಕೋಟಿ ಡಾಲರ್. ಅದರಲ್ಲಿ ಬ್ರಿಟನ್ ಮತ್ತು ಅದರ ಸಾಮ್ರಾಜ್ಯಕ್ಕೆ 3,100 ಕೋಟಿ, ಸೋವಿಯತ್‌ಗೆ 1,100 ಕೋಟಿ. ಯುದ್ಧದಲ್ಲಿ ಸವೆದದ್ದಕ್ಕೆ ಬೆಲೆ ಕೇಳಲಿಲ್ಲ. ಯುದ್ಧ ಮುಗಿದಾಗ ಬ್ರಿಟನ್‌ನಲ್ಲಿ ಉಳಿದಿದ್ದ ಮತ್ತು ದಾರಿಯಲ್ಲಿದ್ದ ಸರಕಿಗೆ ಮಾತ್ರ ಭಾರಿ ರಿಯಾಯಿತಿಯ ದರ ಕಟ್ಟಿ ದೀರ್ಘಾವಧಿ ಸಾಲದೊಳಗೆ ಸೇರಿಸಿದರು. ಬ್ರಿಟನ್ ಅದರ ಕೊನೆಯ ಕಂತು ಕಟ್ಟಿದ್ದು 2006ರ ಡಿಸೆಂಬರ್‌ನಲ್ಲಿ.