ಕೋಪ ನಮಗೆ ‘ಬರುತ್ತದೆ’, ಇಂಗ್ಲಿಷಿನಲ್ಲಿ ಹಾಗಲ್ಲ

ಕನ್ನಡದಲ್ಲಿ ಕೋಪ ಬರುತ್ತದೆ, ನಾಚಿಕೆ ಆಗುತ್ತದೆ, ಹೊಟ್ಟೆ ಉರಿಯುತ್ತದೆ. ಅನುಭವಿಸುವವರು ‘ನನಗೆ’, ‘ಅವಳಿಗೆ’ ಎಂದು ಚತುರ್ಥಿಯಲ್ಲಿ ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಹೆಚ್ಚಾಗಿ ಮನುಷ್ಯನೇ ಕರ್ತೃ, ಭಾವನೆ ಅವನ ಗುಣವಾಚಕ. ಹಾಗಾಗಿ ‘ನನಗೆ ಕೋಪ ಬಂತು’ ಎನ್ನಲು ‘ಐ ಗಾಟ್ ಆಂಗರ್’ ಅಲ್ಲ, ‘ಐ ಗಾಟ್ ಆಂಗ್ರಿ’. ‘ಐ ಆಮ್ ಟೆನ್ಷನ್’ ಅಲ್ಲ, ‘ಐ ಆಮ್ ಟೆನ್ಸ್’.

ಎಲ್ಲಕ್ಕಿಂತ ಹೆಚ್ಚು ಎಡವುವುದು ಪದದ ಕೊನೆಯ ‘ಇಂಗ್’ ಮತ್ತು ‘ಎಡ್’ ನಡುವೆ. ‘ಐ ಆಮ್ ಬೋರಿಂಗ್’ ಎಂದರೆ ‘ನಾನು ಬೋರು ಹೊಡೆಸುವವನು’ ಎಂದರ್ಥ. ಬೋರಾಗಿರುವುದು ನಿಮಗಾದರೆ ‘ಐ ಆಮ್ ಬೋರ್ಡ್’. ಅನುಮಾನ ಬಂದಾಗ ಕನ್ನಡದಲ್ಲೇ ಪರೀಕ್ಷಿಸಿ: ‘ಹುಟ್ಟಿಸುವ’ ಒಗ್ಗಿದರೆ ಇಂಗ್, ‘ಗೊಂಡ’ ಒಗ್ಗಿದರೆ ಎಡ್. ಗೊಂದಲ ಹುಟ್ಟಿಸುವ ಪ್ರಶ್ನೆ ‘ಕನ್‌ಫ್ಯೂಸಿಂಗ್’. ಗೊಂದಲಗೊಂಡ ವಿದ್ಯಾರ್ಥಿ ‘ಕನ್‌ಫ್ಯೂಸ್ಡ್’. ಸಂದರ್ಶನದಲ್ಲಿ ‘ಐ ಆಮ್ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಎಂದು ಬಾಯಿತಪ್ಪುವವರು ಇದನ್ನು ಅಭ್ಯಾಸ ಮಾಡಲೇಬೇಕು. ಅಲ್ಲಿ ಬೇಕಿರುವುದು ‘ಇಂಟರೆಸ್ಟೆಡ್’. ಉಚ್ಚಾರದ ವಿಷಯವೂ ಇದೆ. ‘ಎಡ್’ ಪೂರ್ತಿ ಕೇಳಿಸುವುದು ಸಾಮಾನ್ಯವಾಗಿ ಟ, ಡ ಧ್ವನಿಗಳ ನಂತರ: ‘ಎಕ್ಸೈಟೆಡ್’ ಸರಿ, ‘ಬೋರೆಡ್’ ತಪ್ಪು.

‘ನನ್ನ ಮೇಲೆ ಕೋಪವೇ?’ ಎನ್ನುವಾಗ ‘ಮೇಲೆ’ ಎಂಬುದು ‘ಆನ್’ ಆಗುವುದಿಲ್ಲ. ವ್ಯಕ್ತಿಯಾದರೆ ‘ಆಂಗ್ರಿ ವಿತ್’, ವಿಷಯವಾದರೆ ‘ಆಂಗ್ರಿ ಅಬೌಟ್’. ನಾಯಿ ಕಂಡರೆ ಭಯವಿದ್ದರೆ ‘ಅಫ್ರೇಡ್ ಆಫ್’, ‘ಫ್ರಮ್’ ಅಲ್ಲ. ‘ಅಫ್ರೇಡ್ ಫಾರ್’ ಎಂದರೆ ಬೇರೆಯೇ ಅರ್ಥ: ಬೇರೊಬ್ಬರಿಗೆ ಏನಾದರೂ ಆದೀತೆಂಬ ಆತಂಕ.

‘ಫೀಲ್ ಮಾಡ್ಕೋಬೇಡ’ ಎಂದು ನಾವು ದಿನವೂ ಹೇಳುತ್ತೇವೆ, ಕನ್ನಡದಲ್ಲಿ ಅದು ಸೊಗಸಾಗಿಯೇ ನಡೆಯುತ್ತದೆ. ಅದೇ ಅರ್ಥದಲ್ಲಿ ‘ಡೋಂಟ್ ಫೀಲ್’ ಎಂದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಏನನ್ನಿಸಬಾರದು ಎಂಬುದನ್ನೂ ಸೇರಿಸಿ: ‘ಡೋಂಟ್ ಫೀಲ್ ಬ್ಯಾಡ್’. ‘ಅವಳು ಫೀಲ್ ಆದಳು’ ಎನ್ನಲು ‘ಶಿ ಫೆಲ್ಟ್’ ಸಾಲದು, ‘ಶಿ ವಾಸ್ ಹರ್ಟ್’ ಎನ್ನಬೇಕು.

ಸಾವಿನ ಮನೆಯ ಮಾತಿನಲ್ಲಂತೂ ಎಚ್ಚರ ಬೇಕು. ‘ಐ ಫೀಲ್ ಸಾರಿ ಫಾರ್ ಯು’ ಎಂಬುದರಲ್ಲಿ ‘ಅಯ್ಯೋ ಪಾಪ’ ಎನ್ನುವ ಕನಿಕರದ ಧ್ವನಿಯಿದೆ. ದುಃಖದಲ್ಲಿರುವವರಿಗೆ ಅದು ಚುಚ್ಚಬಹುದು. ‘ಐ ಆಮ್ ಸಾರಿ ಫಾರ್ ಯುವರ್ ಲಾಸ್’ ಎನ್ನಿ. ಇಲ್ಲಿ ‘ಸಾರಿ’ ಕ್ಷಮೆ ಕೇಳುವ ಪದವಲ್ಲ, ನಿಮ್ಮ ನೋವಿನಲ್ಲಿ ನನಗೂ ಪಾಲಿದೆ ಎಂಬ ಪದ. ಅಷ್ಟು ಹೇಳಿ ಸುಮ್ಮನೆ ಪಕ್ಕದಲ್ಲಿ ಕುಳಿತರೂ ಸಾಕು.